ಚಿಗವ್ವ ಹೊಸೆದ ಗವಲಿ

ಆ ದಿನ ನಮ್ಮವ್ವನ ತಂಗಿ ಚಿಗವ್ವನ ಹೆಬ್ಬೆರಳ ಉಗುರಿನ ಸುತ್ತ ಹಿಟ್ಟು ಒಣಗಿ ಬೆಳ್ಳಗಾಗಿತ್ತು. ಖಾನಾಪುರದ ತನ್ನ ಮನೆಯ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ನನ್ನ ಮಗಳ ಮದುವೆಗೆ ಗವಲಿ ಹೊಸೆಯುತ್ತಿದ್ದಳು. ಗೋಧಿ ಹಿಟ್ಟನ್ನು ಬೆರಳ ತುದಿಯಲ್ಲಿ ಚಿವುಟಿ, ಹೊಸೆದು, ಸಣ್ಣ ಕಾಳಿನಂತೆ ಪರಾತವೆಂಬ ಅಗಲ ತಟ್ಟೆಗೆ ಉದುರಿಸುವ ಕೆಲಸ ಅದು. ಮದುವೆಯ ಪಾಯಸ ಅದರದ್ದೇ. ನಮ್ಮ ಮನೆಗಳಲ್ಲಿ ಅದಕ್ಕೆ ಕೈ ಹಚ್ಚುವವರು ಮುತ್ತೈದೆಯರು ಮಾತ್ರ. ಚಿಗವ್ವ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳು. ಯಾರ ಮನೆಯ ಮದುವೆಯಾದರೂ ಹಿಟ್ಟು ನಾದುವ ಹೊತ್ತಿಗೆ ತಾನಾಗಿಯೇ ಎದ್ದು ಹಿತ್ತಲಿಗೆ ಹೋಗಿ ಪಾತ್ರೆ ತಿಕ್ಕುತ್ತಿದ್ದಳು. ಯಾರೂ ಹೇಳಬೇಕಾಗಿರಲಿಲ್ಲ.

ಅವಳನ್ನು ಪರಾತದ ಮುಂದೆ ಕೂರಿಸಿದ್ದು ನ್ಯೂಯಾರ್ಕಿನ ಒಂದು ಓಣಿ.

ನಾನು ನಿವೃತ್ತಳಾದ ಮೇಲೆ ಬೆಳಗಾವಿಯ ಪ್ರವಾಸದ ಗುಂಪೊಂದರಲ್ಲಿ ಇಬ್ಬರೂ ಹೋಗಿದ್ದೆವು. ಎತ್ತರದ ಕಟ್ಟಡಗಳನ್ನು ನೋಡಿ "ಕುತಗಿ ನೋಯಾಕ ಹತ್ತೇತಿ" ಎಂದು ಬಸ್ಸಿನಲ್ಲೇ ಕೂತವಳು, ಇಟಲಿಯವರ ಹಳೆಯ ಓಣಿ ಬಂದಾಗ ಮಾತ್ರ ಇಳಿದಳು. ಹಿಂದೆ ಹಡಗು ಹತ್ತಿ ಬಂದ ಬಡವರು ಇಕ್ಕಟ್ಟಾದ ಖೋಲಿಗಳಲ್ಲಿ ಇದ್ದುಕೊಂಡು ಬೆಳೆಸಿದ ಓಣಿ ಇದು ಎಂದಳು ನಿಪ್ಪಾಣಿ ಕಡೆಯವಳಾದ ನಮ್ಮ ಗೈಡ್.

"ಹಂಗಾರ ನಮ್ಮವರು ಲೋಂಡಾ ದಾಟಿ ಗೋವಾಕ್ಕ ದುಡ್ಯಾಕ ಹೋದಂಗ" ಎಂದಳು ಚಿಗವ್ವ.

ಒಂದು ಅಂಗಡಿಯಲ್ಲಿ ಕರಿ ಬಟ್ಟೆಯ ಮುದುಕಿಯೊಬ್ಬಳು ಹಿಟ್ಟಿನ ತುಣುಕುಗಳನ್ನು ಹೆಬ್ಬೆರಳಿನಿಂದ ಒತ್ತಿ ಪುಟ್ಟ ಕಿವಿಗಳಂತೆ ಮಾಡುತ್ತಿದ್ದಳು. ಚಿಗವ್ವ ನನ್ನ ಕೈ ಹಿಡಿದು ಜಗ್ಗಿದಳು. "ಯವ್ವಾ, ಇವು ನಮ್ಮ ಗವಲಿ ತಂಗ್ಯಾರ ನೋಡು!"

ಗೈಡ್ ವಿಚಾರಿಸಿ ಬಂದಳು. "ಮೊಮ್ಮಗಳ ಮದವಿಗಂತರಿ ಕಾಕು. ಗಂಡ ಹೋದಾಗಿಂದ ಕರಿ ಅರಬೀನ ಉಡತಾರಂತ."

ಚಿಗವ್ವ ಗೈಡ್ ಕಡೆ ತಿರುಗಿದಳು. "ಗಂಡ ಇಲ್ಲದಾಕಿ ಮದವಿ ಹಿಟ್ಟ ಮುಟ್ಟ್ಯಾಳ? ಮಂದಿ ಸುಮ್ಮ ಬಿಟ್ಟಾರ? ಕೇಳು, ಕೇಳು."

ಮುದುಕಿ ಆ ಪ್ರಶ್ನೆಯನ್ನು ಎರಡು ಸಲ ಹೇಳಿಸಿಕೊಂಡು ನಕ್ಕಳು. ಗೈಡ್ ತಿಳಿಸಿದಳು: "ನಾ ಬಿಟ್ಟರ ಮತ್ತ್ಯಾರು ಮಾಡತಾರ ಅಂತಾರರಿ."

ಮುದುಕಿ ಹಲಗೆಯನ್ನು ಚಿಗವ್ವನ ಕಡೆ ಸರಿಸಿದಳು. ಚಿಗವ್ವ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಮುಟ್ಟಲಿಲ್ಲ.

ಊರಿಗೆ ಬಂದ ಮೇಲೆ ಒಂದು ದಿನ ಫೋನು ಮಾಡಿದಳು. "ನಿನ್ನ ಮಗಳ ಗವಲಿ ನಾನ ಹೊಸೀತೇನಿ. ಯಾರರ ಏನರ ಅಂದ್ರ, ನ್ಯೂಯಾರ್ಕಿಗೆ ಹೋಗಿ ಕೇಳಿ ಬರ್ರಿ ಅನ್ನು."

ಹಾಗೆ ಕೂತಿದ್ದಳು ಆ ದಿನ. ಅವಳ ನೆಗೆಣ್ಣಿ, ಮೈದುನನ ಹೆಂಡತಿ, ಬಾಗಿಲಲ್ಲಿ ನಿಂತು "ಅಕ್ಕಾರ, ಹಿತ್ತಲದಾಗ ಭಾಂಡೆ ಬಿದ್ದಾವಲ್ರಿ" ಎಂದು ಕುಟುಕಿದಳು. ಚಿಗವ್ವ ತಲೆ ಎತ್ತದೆ "ನೀ ತಿಕ್ಕವಾ, ನನ್ನ ಕೈ ಹಿಟ್ಟಾಗೇತಿ" ಎಂದಳು. ನಾನು ಬೆಳಗಾವಿಯ ಶಹಾಪುರದ ನಮ್ಮ ಮನೆಗೆ ಹೊರಟಾಗ "ನಾಳಿ ಲಗೂನ ಬಾ, ಡಬ್ಬಿ ತುಂಬಸೂಣು" ಎಂದು ಕೈ ಬೀಸಿದಳು.

ಮರುದಿನ ಬೆಳಿಗ್ಗೆ ಅವಳು ಏಳಲಿಲ್ಲ. ಎದೆಬಡಿತ ನಿಂತಿತ್ತು ಎಂದರು ಡಾಕ್ಟರು. ನಾನು ಹೋದಾಗ ಪರಾತದ ಗವಲಿ ಇನ್ನೂ ಪೂರ್ತಿ ಒಣಗಿರಲಿಲ್ಲ. ಅವಳ ಕೈ ಮಾತ್ರ ತಣ್ಣಗಾಗಿತ್ತು. ಉಗುರಿನ ಸಂದಿಯಲ್ಲಿ ಹಿಟ್ಟು ಹಾಗೇ ಇತ್ತು. ಇದನ್ನು ಬರೆಯುವಾಗಲೂ ಅದು ನನಗೆ ನಿಜ ಅನ್ನಿಸುವುದಿಲ್ಲ.

ಮಣ್ಣು ಮಾಡಿ ಬಂದ ಸಂಜೆಯೇ ನೆಗೆಣ್ಣಿ ಅಂದಳು: "ಮುಟ್ಟಬಾರದ್ದು ಮುಟ್ಟಿದ್ಲು. ಅದನ್ನ ಹೊಳಿಗೆ ಚೆಲ್ಲಿ ಬಿಡ್ರಿ."

ಉತ್ತರ ಕೊಟ್ಟವಳು ನನ್ನ ಮಗಳು. "ನಮ್ಮ ಮಂದ್ಯಾಗ ಸೂತಕ ಇಲ್ಲಂತ ಮದವಿ ಮುಂದ ಹಾಕಿಲ್ಲ ಹೌದಿಲ್ಲೋ? ಸಾವಿನ ಸೂತಕ ಇಲ್ಲದವರಿಗೆ ಅಜ್ಜಿ ಕೈ ಸೂತಕ ಎಲ್ಲಿಂದ ಬಂತು? ಆ ಗವಲೀದ ಪಾಯಸ ಆಗಬೇಕು."

ಪರಾತದಿಂದ ಡಬ್ಬಿಗೆ ತುಂಬಿದ್ದು ಎಲ್ಲ ಪಂಕ್ತಿಗಳಿಗೂ ಸಾಲುವಷ್ಟಿರಲಿಲ್ಲ. ಉಳಿದದ್ದನ್ನು ಹೊಸೆಯಲು ಮತ್ತೊಬ್ಬರನ್ನು ಕೂರಿಸಲು ನನಗೆ ಮನಸ್ಸಾಗಲಿಲ್ಲ. ಎಲ್ಲರ ಎಲೆಗೂ ಸ್ವಲ್ಪ ಸ್ವಲ್ಪವೇ ಬಡಿಸಿದೆವು. ನೆಗೆಣ್ಣಿಯೂ ಉಂಡಳು.

ಮದುವೆ ಆಯಿತು. ಚಿಗವ್ವ ಇರಲಿಲ್ಲ.