ಕಂಬದ ಆಚೆಯ ದನಿ

ಶಿಕಾರಿಪುರದ ಕೊಟ್ರಮ್ಮನಿಗೆ ನಲವತ್ತು ಹತ್ತಿರವಾಗಿತ್ತು. ಅಪ್ಪ ತೀರಿಕೊಂಡ ಮೇಲೆ ಊರವರ ಗೋಡೆಗೆಲ್ಲ ಸುಣ್ಣ ಬಳಿದೇ ಇಬ್ಬರು ತಂಗಿಯರ ಮದುವೆ ಮಾಡಿದ್ದಳು. ತನ್ನ ಮದುವೆಯ ಮಾತೆತ್ತಿದರೆ ಮಾತ್ರ ನಾಚಿ ಎದ್ದು ಹೋಗುತ್ತಿದ್ದಳು.

ಕಳೆದ ಬೇಸಿಗೆಯಲ್ಲಿ ಪೇಟೆಯ ಹಳೆಯ ಪುರಭವನದ ದುರಸ್ತಿ ಶುರುವಾಯಿತು. ಮುಂದೆ ಅಗಲವಾದ ಮೆಟ್ಟಿಲು, ಮೇಲೆ ತ್ರಿಕೋನದ ಮುಖ, ಅದನ್ನು ಹೊತ್ತು ನಿಂತ ದುಂಡು ಕಂಬಗಳ ಸಾಲು. ಕಂಬದ ನೆತ್ತಿಗೆ ಸುರುಳಿ ಎಲೆಗಳ ಗಾರೆ ಕೆಲಸ. ಎರಡು ಕಡೆಯಿಂದ ಇಬ್ಬರು ತಬ್ಬಿದರೂ ಕೈಗೆ ಕೈ ಸಿಗದಷ್ಟು ದಪ್ಪವಿದ್ದುದರಿಂದ ಒಂದೊಂದಕ್ಕೂ ಇಬ್ಬರು ಬಳಿಯಬೇಕಿತ್ತು. ಕೊಟ್ರಮ್ಮನಿಗೆ ಜೊತೆಯಾದವನು ಸೊರಬದ ಕಡೆಯ ಚೌಡಪ್ಪ. ಅವನ ಹೆಂಡತಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು.

ಎದುರಿಗೆ ಸಿಕ್ಕರೆ ತಲೆ ತಗ್ಗಿಸುತ್ತಿದ್ದ ಕೊಟ್ರಮ್ಮ, ಕಂಬ ಅಡ್ಡವಿದ್ದಾಗ ಮಾತಿನ ಮಲ್ಲಿಯಾದಳು. ಮುಖ ಕಾಣದ ಧೈರ್ಯಕ್ಕೆ ಹಾಡಿದಳು, ಅವನ ಮಲೆನಾಡಿನ ರಾಗವನ್ನು ಅಣಕಿಸಿದಳು, ಬಿದ್ದು ಬಿದ್ದು ನಕ್ಕಳು. ತನ್ನ ನಗು ಇಷ್ಟು ದೊಡ್ಡದೆಂದು ಅವಳಿಗೇ ಗೊತ್ತಿರಲಿಲ್ಲ.

ಕೊನೆಯ ಕಂಬ ಬಳಿಯುವಾಗ ಆಚೆಯಿಂದ ಚೌಡಪ್ಪನ ದನಿ ಬಂತು: "ಕೊಟ್ರಮ್ಮಾರೇ, ಕೆಲಸ ಮುಗೀತಾ ಬಂತು. ನಾಳಿಂದ ಹೆಂಗೆ ಮಾತಾಡದು?"

"ನೀವೇ ಹೇಳ್ರಿ."

"ನನ್ನ ಮದುವೆ ಆಗ್ತೀರಾ?"

ಕೊಟ್ರಮ್ಮ ಕುಂಚ ಹಿಡಿದೇ ಕಂಬ ಸುತ್ತಿ ಬಂದು, ಸುಣ್ಣ ಸಿಡಿದ ಮುಖವನ್ನು ಎತ್ತಿ ಅವನನ್ನು ನೋಡಿದಳು.

"ಆಗ್ತೀನ್ರೀ. ಹಿಂದೆ ನಿಂತು ಹೇಳೋ ಮಾತಲ್ಲ ಅಂತ ಎದುರಿಗೇ ಬಂದೆ."

ಶ್ರಾವಣದಲ್ಲಿ ಮದುವೆಯಾಯಿತು. ತಂಗಿಯರು ಹಟ ಹಿಡಿದು ಪುರಭವನದಲ್ಲೇ ಮಾಡಿಸಿದರು. ಫೋಟೊದವನು ಮೆಟ್ಟಿಲ ಮೇಲೆ ನಿಲ್ಲಿಸಿ "ಸ್ವಲ್ಪ ನಗ್ರೀ" ಅನ್ನುವ ಮೊದಲೇ ಮದುಮಗಳು ನಗುತ್ತಿದ್ದಳು.