ಕುರಿಯವರು ಕೊಟ್ಟ ಚಾ

ನನ್ನ ಬಾಯಿ ಜೋರು ಎಂದು ಮೇಲಿನವರಿಗೆ ದೂರು ಹೋಗಿದ್ದುಂಟು. ಹೋಗಲಿ. ಆನವಟ್ಟಿಯಿಂದ ಜಡೆಗೆ ಹೋಗುವ ಬಸ್ಸಿಳಿದು, ಕಾಡಂಚಿನ ಊರುಗಳಲ್ಲಿ ಮನೆಮನೆ ತಿರುಗಿ ಬಿ.ಪಿ. ನೋಡುವ, ಮಕ್ಕಳಿಗೆ ಚುಚ್ಚುಮದ್ದು ಹಾಕುವ ಹೆಂಗಸು ಮೆಲ್ಲಗೆ ಮಾತಾಡಿದರೆ ಯಾರೂ ತಿರುಗಿ ನೋಡುವುದಿಲ್ಲ. ನನ್ನ ತವರು ತಾಳಗುಂದದ ಕಡೆ. ಹೊಲದ ಆ ತುದಿಯಿಂದ ಈ ತುದಿಗೆ ಕೂಗಿ ಕರೆದೇ ಬೆಳೆದವಳು ನಾನು. ನಾನು ಕೆಲಸ ಮಾಡುವ ಈ ಸೊರಬದ ಕಡೆಯವರು ಮೆತ್ತಗೆ ಮಾತಾಡುತ್ತಾರೆ, ನಿಜ. ಮೆತ್ತಗೆ ಮಾತಾಡುತ್ತಲೇ ಮನುಷ್ಯರನ್ನು ಊರಾಚೆ ಹಾಕಬಲ್ಲರು ಎಂಬುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಚಳಿ ಕಳೆದು ಎಲೆ ಉದುರುವ ಹೊತ್ತಿಗೆ ನಮ್ಮಲ್ಲಿ ಮಂಗನ ಕಾಯಿಲೆಯ ಭಯ ಶುರುವಾಗುತ್ತದೆ. ಕಾಡಿನಲ್ಲಿ ಮಂಗ ಸತ್ತರೆ ಅದರ ಮೈಮೇಲಿನ ಉಣುಗು ನೆಲಕ್ಕೆ ಬೀಳುತ್ತದೆ. ಸೌದೆಗೆ, ತರಗೆಲೆಗೆ ಹೋದವರನ್ನು ಆ ಉಣುಗು ಕಚ್ಚಿದರೆ ಜ್ವರ. ಕೆಲವರು ಉಳಿಯುವುದಿಲ್ಲ. ಅದಕ್ಕೇ ಕಾಡಿಗೆ ಹೋಗುವ ಮೊದಲು ಕೈಕಾಲಿಗೆ ಸವರಿಕೊಳ್ಳಲು ನಾವು ಒಂದು ಎಣ್ಣೆ ಹಂಚುತ್ತೇವೆ.

ಆ ವರ್ಷ ಶಿಕಾರಿಪುರದ ಕಡೆಯಿಂದ ಒಂದು ಕುರಿ ಮಂದೆ ಬಂದಿತ್ತು. ಊರಲ್ಲಿ ಮೆಕ್ಕೆಜೋಳ ಬೆಳೆಯುವ ಕುಟುಂಬ. ಕೊಯ್ಲು ಮುಗಿದ ಮೇಲೆ ಕುರಿ ಹೊಡೆದುಕೊಂಡು ಹೊರಡುತ್ತಾರೆ. ಕಾಡಿಗೆ ಹತ್ತಿದ ಗದ್ದೆಯ ಯಜಮಾನರೊಬ್ಬರು ಗೊಬ್ಬರಕ್ಕೆಂದು ಅವರನ್ನು ಕರೆಸಿ ತಮ್ಮ ಗದ್ದೆಯಲ್ಲಿ ಕುರಿ ನಿಲ್ಲಿಸಿಕೊಂಡಿದ್ದರು. ಡೇರೆಯಲ್ಲಿ ಒಬ್ಬ ಅತ್ತೆ, ಆಕೆಯ ಮಗ, ಸೊಸೆ. ನಾನು ಎಣ್ಣೆಯ ಬಾಟಲಿ ಕೊಟ್ಟು ಬಂದೆ. ಮತ್ತೆ ಹೋದಾಗ ಬಾಟಲಿ ಖಾಲಿ. ಕುರಿಗಳ ಕಾಲುಗಳು ಮಾತ್ರ ಮಿರಮಿರ ಮಿಂಚುತ್ತಿದ್ದವು.

"ಇದನ್ನ ಕುರಿಗೆ ಹಚ್ಚಿದ್ರಾ?"

"ಮತ್ತ ಉಣುಗು ಹತ್ತೋದು ಕುರಿಗಲ್ಲೇನ್ರೀ?" ಎಂದಳು ಅತ್ತೆ, ನನಗೇ ಬುದ್ಧಿ ಇಲ್ಲವೇನೋ ಎಂಬಂತೆ.

ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ಚೆನ್ನಾಗಿ ಬೈದೆ, ಬೇರೆ ಬಾಟಲಿ ಕೊಟ್ಟೆ. ಅಷ್ಟರಲ್ಲಿ ತಡವಾಗಿತ್ತು. ಕಾಡಂಚಿನಲ್ಲಿ ಕುರಿ ಮೇಯಿಸಿ ಬಂದ ಸೊಸೆ ಜ್ವರ ಬಂದು ಮಲಗಿದಳು. ಕಣ್ಣು ಕೆಂಪು, ತಲೆ ಎತ್ತಲಾಗದಷ್ಟು ನೋವು. ನಾನು ಆಂಬುಲೆನ್ಸಿಗೆ ಫೋನ್ ಮಾಡುವ ಮೊದಲೇ ಮಂಗನ ಕಾಯಿಲೆಯಂತೆ ಎಂದು ಊರಿಗೆಲ್ಲ ಸುದ್ದಿ ಮುಟ್ಟಿತ್ತು. ಯಜಮಾನರು ನಾಲ್ಕಾರು ಜನರನ್ನು ಕಟ್ಟಿಕೊಂಡು ಬಂದು ಬದುವಿನ ಮೇಲೆ ನಿಂತರು. ಗದ್ದೆಗೆ ಇಳಿಯಲಿಲ್ಲ.

"ಸಿಸ್ಟರೇ, ಇವತ್ತೇ ಡೇರೆ ಕೀಳಕ್ಕೆ ಹೇಳಿ ಮಾರಾಯ್ರೇ. ನಮ್ಮ ಮಾತಿಗಿಂತ ನೀವು ಹೇಳಿದ್ರೆ ಹೋಗ್ತಾರೆ."

ನನ್ನ ಮೈ ಉರಿದುಹೋಯಿತು. ಡೇರೆ ಕಿತ್ತರೆ ಆ ಹುಡುಗಿ ಜ್ವರದಲ್ಲೇ ಮಂದೆಯ ಹಿಂದೆ ನಡೆಯಬೇಕು. ಯಾವ ಊರಿನ ಯಾವ ಹೊಲದಲ್ಲಿ ಬೀಳುತ್ತಾಳೋ, ಅಲ್ಲಿ ಅವಳ ರಕ್ತ ತೆಗೆಯುವವರು ಯಾರು, ಆಸ್ಪತ್ರೆಗೆ ಸೇರಿಸುವವರು ಯಾರು? ಅವಳು ಸಾಯುತ್ತಾಳೆ ಎಂಬುದೇ ನನ್ನ ಭಯವಾಗಿತ್ತು.

"ಈ ಜ್ವರ ಮನುಷ್ಯರಿಂದ ಮನುಷ್ಯರಿಗೆ ಬರಲ್ಲ. ಬರೋದು ಉಣುಗಿಂದ. ಓಡಿಸೋದಾದ್ರೆ ಕಾಡನ್ನ ಓಡಿಸಿ," ಎಂದೆ. "ಮುಟ್ಬೇಡಿ ಸಿಸ್ಟರೇ," ಎಂದು ಹಿಂದಿನಿಂದ ಯಾರೋ ಅಂದರು. ನಾನು ಡೇರೆಯ ಮುಂದೆ ಕಂಬಳಿಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತೆ. ಅತ್ತೆಯ ಒಲೆಯ ಮೇಲೆ ಚಾ ಕುದಿಯುತ್ತಿತ್ತು. ಕೇಳಿ ಹಾಕಿಸಿಕೊಂಡು, ಬದುವಿನ ಮೇಲಿದ್ದವರನ್ನೇ ನೋಡುತ್ತ ಕುಡಿದೆ. ಸಕ್ಕರೆ ವಿಪರೀತ. ಆದರೂ ಇನ್ನೊಂದು ಲೋಟ ಕೇಳಿದೆ. ದೂರು ಕೊಡುತ್ತೇವೆ ಎಂದರು. ಕೊಡಿ ಎಂದೆ.

ಅವರನ್ನು ಗೆದ್ದೆ ಎಂದುಕೊಂಡರೆ, ಆಸ್ಪತ್ರೆಗೆ ಹೊರಡುವುದಿಲ್ಲ ಎಂದು ಸೊಸೆಯೇ ಹಟ ಹಿಡಿದಳು. ಮರಿಗಳನ್ನು ಹಗಲೆಲ್ಲ ಬಲೆಯೊಳಗೆ ಕೂಡಿ ಹಾಕಿರುತ್ತಾರೆ. ಸಂಜೆ ಮಂದೆ ಮರಳಿದಾಗ ಒಂದೊಂದು ಮರಿಯನ್ನೂ ಅದರದರ ತಾಯಿಗೆ ಬಿಟ್ಟು ಹಾಲು ಕುಡಿಸಬೇಕು. ಎಳೆಯ ಮರಿಯನ್ನು ತಪ್ಪಿ ಬೇರೆ ಕುರಿಗೆ ಬಿಟ್ಟರೆ ಅದು ಒದೆಯುತ್ತದೆ, ಮರಿ ಹಸಿದು ಸಾಯುತ್ತದೆ. ಅತ್ತೆಗೆ ಸಂಜೆಯ ಮೇಲೆ ಕಣ್ಣು ಕಾಣದು. ಗಂಡ ಮಂದೆ ಚದುರದಂತೆ ತರುಬಿ ನಿಲ್ಲಿಸಬೇಕು.

"ಮರಿ ಕುಡಿಸಿಬಿಟ್ಟು ಬರ್ತೀನ್ರೀ."

"ಮರಿ ಮನೆ ಹಾಳಾಗ್ಲಿ, ನೀನು ಉಳೀಬೇಕಲ್ಲೇ!"

"ಅವೂ ಉಳೀಬೇಕಲ್ರೀ," ಎಂದಳು. ಕಣ್ಣು ತೆರೆಯಲಾಗದವಳ ದನಿ ನನ್ನದಕ್ಕಿಂತ ಗಟ್ಟಿಯಾಗಿತ್ತು.

ಸಂಜೆಯಾಗಿ ಮಂದೆ ಆಗಲೇ ಮರಳಿತ್ತು. ಆಂಬುಲೆನ್ಸ್ ಬರುವಷ್ಟರಲ್ಲಿ ಮುಗಿಸೋಣ ಎಂದೆ. ಜ್ವರದ ಮಾತ್ರೆ ಕೊಟ್ಟು, ಹಣೆಗೆ ಒದ್ದೆ ಬಟ್ಟೆ ಹಾಕಿ, ಬಲೆಯ ಪಕ್ಕ ಮಲಗಿಸಿದೆ. ಯಾವ ಮರಿ ಯಾವ ಕುರಿಗೆ ಎಂದು ಅವಳು ಕೈ ತೋರಿಸಿದಳು. ನಾನು ಸೀರೆ ಎತ್ತಿ ಕಟ್ಟಿ ಮರಿ ಹೊತ್ತೆ. "ಅದಲ್ರೀ, ಕಿವಿ ಹರಿದದ್ದು. ಹಾಂ, ಅದಕ್ಕೆ ಬಿಡ್ರಿ." ಒಂದು ಕುರಿ ನನ್ನ ಮೊಣಕಾಲಿಗೆ ಸರಿಯಾಗಿ ಗುಮ್ಮಿತು. ಬದುವಿನ ಮೇಲಿದ್ದವರು ನಕ್ಕರು. ರಸ್ತೆಯಲ್ಲಿ ಆಂಬುಲೆನ್ಸ್ ಹಾರ್ನ್ ಹೊಡೆದಾಗ ಎರಡು ಮರಿ ಉಳಿದಿದ್ದವು. ಅವನ್ನೂ ಕುಡಿಸಿದ ಮೇಲೆಯೇ ಅವಳು ಗಂಡನ ಹೆಗಲಿಗೆ ಕೈ ಕೊಟ್ಟು ಎದ್ದಳು.

ಪರೀಕ್ಷೆಯಲ್ಲಿ ಮಂಗನ ಕಾಯಿಲೆಯೇ ಎಂದು ಬಂತು. "ನಾ ಹೇಳ್ಲಿಲ್ವಾ?" ಎಂದರು ಯಜಮಾನರು. ನನಗೂ ಅದೇ ಅನುಮಾನವಿತ್ತು, ತಿಳಿದೇ ಚಾ ಕುಡಿದೆ ಎಂದೆ. ಅವಳು ಆಸ್ಪತ್ರೆಯಿಂದ ಇಳಿದುಹೋದ ಮುಖ ಹೊತ್ತು ಮರಳುವವರೆಗೂ ಡೇರೆ ಅಲ್ಲೇ ಇತ್ತು. ಕೀಳಿಸುವ ಧೈರ್ಯ ಯಾರಿಗೂ ಆಗಲಿಲ್ಲ. ದೂರಿನ ಬಗ್ಗೆ ಮೇಲಿನವರು ಕರೆದು ಕೇಳಿದಾಗ, ಬಾಯಿ ಜೋರು ಎಂಬುದನ್ನು ಒಪ್ಪಿಕೊಂಡೆ. ಕ್ಷಮೆ ಕೇಳು ಎಂದರು. ಕೇಳಲಿಲ್ಲ. ಇವತ್ತಿಗೂ ಕೇಳಿಲ್ಲ.

ಮರುವರ್ಷ ಮಂದೆ ಮತ್ತೆ ಬಂದು ಊರ ಹೊರಗೆ ಇಳಿಯಿತು. ಸುದ್ದಿ ತಿಳಿದದ್ದೇ ಯಜಮಾನರು ಗೊಬ್ಬರದ ಆಸೆಗೆ ನಮ್ಮ ಆರೋಗ್ಯ ಉಪಕೇಂದ್ರದ ಬಾಗಿಲಿಗೆ ಬಂದರು.

"ಸಿಸ್ಟರೇ, ನಮ್ಮ ಗದ್ದೆಗೇ ಬರಕ್ಕೆ ಹೇಳಿ ಮಾರಾಯ್ರೇ. ನೀವು ಹೇಳಿದ್ರೆ ಬರ್ತಾರೆ."

"ನಾನು ಹೇಳಲ್ಲ. ನೀವೇ ಹೋಗಿ, ಅವರು ಕೊಟ್ಟ ಚಾ ಕುಡಿದು ಕೇಳಿ," ಎಂದೆ. ಎಣ್ಣೆಯ ಬಾಟಲಿ ಹಿಡಿದು ನಾನೂ ಬೆನ್ನಿಗೆ ಹೋದೆ. ಅಂಥದ್ದನ್ನು ತಪ್ಪಿಸಿಕೊಳ್ಳುವವಳು ನಾನಲ್ಲ.

ಸೊಸೆ ಚಾ ಕೊಟ್ಟಳು. ಯಜಮಾನರು ಲೋಟವನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ, ಕೊನೆಯ ಗುಟುಕಿನವರೆಗೂ ಕುಡಿದರು. ಆಮೇಲೆ ಗದ್ದೆಯ ಮಾತು ತೆಗೆದರು.

"ಈ ಸಲ ಆಚಿ ಗದ್ದಿಯವ್ರಿಗೆ ಮಾತು ಕೊಟ್ಟೀವ್ರೀ," ಎಂದಳು ಅವಳು, ಖಾಲಿ ಲೋಟ ಇಸಿದುಕೊಳ್ಳುತ್ತ. "ಅವ್ರು ಮುಂಜಾನೆನ ಬಂದು ಚಾ ಕುಡ್ದು ಹೋದ್ರು."

ನಾನು ನಗಬಾರದಿತ್ತೇನೋ. ನಕ್ಕೆ, ಊರಿಗೆಲ್ಲ ಕೇಳುವಷ್ಟು ಜೋರಾಗಿ.