ತಂಗಿ ಆಕಾಶದಲ್ಲಿದ್ದಾಗ ಬೆಳೆದ ಸೆರಗು

ಗಾಳಿ, ಮಾಯೆ ಎಂದು ಯಾರಾದರೂ ಕಥೆ ಶುರು ಮಾಡಿದರೆ ಎದ್ದು ಹೋಗುವವಳು ನಾನು. ಈಗಲೂ ನಂಬುತ್ತೇನೆ ಎನ್ನಲಾರೆ. ಆದರೆ ಆ ದಿನ ನಡೆದದ್ದನ್ನು ಬೇರೆ ಹೇಗೆ ಹೇಳಬೇಕೋ ಗೊತ್ತಿಲ್ಲ.

ಕೊಯಮತ್ತೂರಿನಾಚೆ, ಮೆಟ್ಟುಪಾಳ್ಯದ ಹತ್ತಿರ ನಮ್ಮದು ನೇಯ್ಗೆಯ ಮನೆ. ಅಣ್ಣನ ಮಗಳ ಮದುವೆಯ ಸೀರೆ ನಮ್ಮ ಮಗ್ಗದಲ್ಲೇ ಇತ್ತು. ಸೀರೆಯ ಒಡಲೆಲ್ಲ ನಾನೇ ನೇಯ್ದೆ, ಸೊಂಟ ಬಿದ್ದುಹೋಗುವಷ್ಟು. ಸೆರಗಿಗೆ ಬಂದಾಗ ಅಪ್ಪ ಹೆಬ್ಬೆರಳಿನಿಂದ ಬಟ್ಟೆ ಸವರಿ, "ಸೆರಗು ಚಿಕ್ಕೋಳು ನೇಯ್ಲಿ. ನಿನ್ನ ಪೆಟ್ಟು ಸಡ್ಲ, ಎಳೆ ಒತ್ತಾಗಿ ಕೂರಲ್ಲ" ಎಂದರು. ಚಿಕ್ಕೋಳೆಂದರೆ ನನ್ನ ತಂಗಿ. ಮದುವೆಯಾಗಿ ಮೈಸೂರು ಸೇರಿದವಳು, ಮಗ್ಗ ಮುಟ್ಟಿ ವರ್ಷಗಳೇ ಆಗಿದ್ದವು. ಸುಳ್ಳೇಕೆ ಹೇಳಲಿ, ನನಗೆ ಹೊಟ್ಟೆ ಉರಿದುಹೋಯಿತು.

ಸಾಲದ್ದಕ್ಕೆ ಅವಳು ಹೊರಟದ್ದು ವಿಮಾನದಲ್ಲಿ. ಆಗ ಮೈಸೂರಿನ ಪುಟ್ಟ ನಿಲ್ದಾಣದಿಂದ ಕೊಯಮತ್ತೂರಿಗೆ ಒಂದು ಸಣ್ಣ ವಿಮಾನವಿತ್ತು. ನಾವು ದಿಂಬಂ ಘಟ್ಟದ ತಿರುವುಗಳಲ್ಲಿ ಹೊಟ್ಟೆ ತೊಳಸಿಕೊಂಡು ಬಸ್ಸಿನಲ್ಲಿ ಅರ್ಧ ದಿನ ಸವೆಸುವ ದಾರಿ, ಅವಳಿಗೆ ಒಂದು ಗಂಟೆಯೂ ಅಲ್ಲವಂತೆ. "ಕೂತ್ಬಿಟ್ಟೆ ಅಕ್ಕ, ಇನ್ನು ಫೋನ್ ಆಫ್ ಮಾಡ್ಬೇಕು" ಎಂದು ವಿಮಾನದೊಳಗಿನಿಂದಲೇ ಫೋನ್ ಮಾಡಿ ಹೇಳಿದಳು.

ಅವಳು ಬರುವಷ್ಟರಲ್ಲಿ ಸೆರಗನ್ನು ನಾನೇ ಮುಗಿಸುತ್ತೇನೆಂದು ಹಟದಿಂದ ಮಗ್ಗದ ಗುಂಡಿಗೆ ಇಳಿದು ಕಾಲಹಲಗೆ ತುಳಿಯತೊಡಗಿದೆ. ನಾಲ್ಕು ಎಳೆ ಹಾಕಿರಲಿಲ್ಲ, ಅಪ್ಪ ಕಾಫಿ ಕೇಳಿದರು. ಮಾಡಿಕೊಟ್ಟು, ಅವರು ಕುಡಿಯುವ ತನಕ ಎದುರಿಗೇ ಕೂತೆ. ಮಗ್ಗದ ಸದ್ದು ಕೇಳಿತ್ತು, ಪಕ್ಕದ ಮನೆಯದೆಂದುಕೊಂಡೆ. ಬಂದು ನೋಡಿದರೆ ಸೆರಗು ಒಂದು ಗೇಣು ಬೆಳೆದಿತ್ತು.

ಅಷ್ಟು ನೇಯಲು ನನಗೆ ಅರ್ಧ ದಿನ ಬೇಕು. ಮನೆಯಲ್ಲಿ ನಾವಿಬ್ಬರೇ. ಬೆರಳಿಟ್ಟು ಸವರಿದೆ. ಕೈಬರಹದ ಹಾಗೆ ಮಗ್ಗದ ಪೆಟ್ಟೂ ಒಬ್ಬೊಬ್ಬರದು ಒಂದೊಂದು ಥರ. ಇದು ತಂಗಿಯ ಬಿಗಿ ಪೆಟ್ಟು. ಕೈ ಇನ್ನೂ ಬಟ್ಟೆಯ ಮೇಲಿರುವಾಗಲೇ ಅವಳ ಫೋನ್ ಬಂತು, ಈಗ ತಾನೆ ಇಳಿದೆ ಎಂದು.

ಕೊಯಮತ್ತೂರಿನಿಂದ ನಮ್ಮನೆಗೆ ಬರಲು ಅವಳಿಗೆ ಹಾರಿ ಬಂದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಬಂದವಳು ಚಪ್ಪಲಿ ಬಿಡುತ್ತಲೇ ನಕ್ಕಳು. "ಪ್ಲೇನಲ್ಲಿ ತೂಕಡಿಸ್ಬಿಟ್ಟೆ ಅಕ್ಕ. ಯಾಕಮ್ಮ, ಸುಮ್ನೆ ಕಾಲಲ್ಲಿ ನೆಲ ತುಳೀತಾನೇ ಇದ್ದೀಯಾ ಅಂತ ಪಕ್ಕದವರು ಎಬ್ಬಿಸಿದ್ರು."

ಒಳಗೆ ಮಲಗಿದ್ದ ಅಪ್ಪ ಎದ್ದು ಬಂದು ಸೆರಗು ಸವರಿ, "ಇದು ಚಿಕ್ಕೋಳ ಕೈ ತಾನೆ. ಶರಿ, ಮಿಕ್ಕದ್ದೂ ಮುಗ್ಸಮ್ಮ" ಎಂದರು.

"ನಾನು ಈಗ ತಾನೆ ಬಂದೆ ಅಪ್ಪಾ. ಅಕ್ಕ ನೇಯ್ದಿರೋದು."

ಅಪ್ಪ ಅದನ್ನು ತಮಾಷೆಯೆಂದು ನಕ್ಕುಬಿಟ್ಟರು.

ಸೆರಗನ್ನು ಅವಳೇ ಮುಗಿಸಿದಳು. ಆ ಗೇಣು ಎಲ್ಲಿಗೆ ಮುಗಿದು ಅವಳದು ಎಲ್ಲಿಂದ ಶುರುವಾಯಿತೆಂದು ಮದುವೆಯ ದಿನವೆಲ್ಲ ಹುಡುಕಿದೆ, ಸಿಗಲಿಲ್ಲ. ಏನು ನಡೆಯಿತೆಂದು ಇಂದಿಗೂ ತಿಳಿಯದು. ನೆನೆದಾಗ ಹೆದರಿಕೆಗಿಂತ ಮೊದಲು ಹೊಟ್ಟೆಕಿಚ್ಚೇ ಬರುತ್ತದೆ. ಆಕಾಶದಲ್ಲಿ ನಿದ್ದೆ ಮಾಡಿಕೊಂಡೂ ನನಗಿಂತ ಚೆನ್ನಾಗಿ ನೇಯ್ದಳಲ್ಲ. ಈಗಲೂ ಅವಳು ಹೊರಟೆನೆಂದು ಫೋನ್ ಮಾಡಿದರೆ, ಬಾಗಿಲಲ್ಲಿ ಅವಳ ಮುಖ ಕಾಣುವ ತನಕ ನಾನು ಮಗ್ಗ ಬಿಡುವುದಿಲ್ಲ. ಅಪ್ಪ ಕಾಫಿ ಕೇಳಿದರೂ ಏಳುವುದಿಲ್ಲ.